ಹನ್ನೆರಡನೆಯ ಸಿಪಾಯಿ

ಹೊಳೆ ಬಳುಕಿ ಪೂರ್ವಕ್ಕೆ ತಿರುಗುವ ಕಡೆ ಒಂದು ಹೆಂಚಿನ ಮನೆಯಿತ್ತು. ಅದರ ಜಗಲಿಯಲ್ಲಿ ಕುಳಿತು ಉತ್ತಯ್ಯ ಎರಡಂಗುಲದ ಸೈನಿಕರನ್ನು ಮಾಡುತ್ತಿದ್ದರು.

ಒಂದು ಕಾಲಕ್ಕೆ ಅವರು ಸೈನ್ಯದಲ್ಲಿ ಹವಾಲ್ದಾರರು. ಈಗ ಊರಿಗೆಲ್ಲ ಮೇಷ್ಟ್ರು.

ಮೊದಲು ಮೇಣದಲ್ಲಿ ಕೆತ್ತುವರು. ಅದರ ಸುತ್ತ ಅಚ್ಚು ಕಟ್ಟುವರು. ಸೀಸ, ತವರ ಕರಗಿಸಿ ಅಚ್ಚಿಗೆ ಹೊಯ್ಯುವರು. ಆರಿದ ಮೇಲೆ ಬಣ್ಣ.

ಭಾನುವಾರ ಬೆಳಿಗ್ಗೆ ಕಲಿಯಲು ಬಂದವರಿಗೆ ಕಲಿಸುವರು. ಕಾಲು ತೊಳೆದು ಒಳಗೆ ಬರಬೇಕು, ಉಗುರು ಕತ್ತರಿಸಿರಬೇಕು. ಬೇರೆ ಕಟ್ಟಳೆಯಿಲ್ಲ.

ಧರಣೇಂದ್ರ ಬಂದದ್ದು ಅಂಥ ಒಂದು ಭಾನುವಾರ. ಕಚೇರಿಯೊಂದರಲ್ಲಿ ನಕ್ಷೆ ಬರೆಯುವವನು. ಕೂದಲೆಳೆಯಷ್ಟು ಗೆರೆಯನ್ನು ಉಸಿರು ಬಿಗಿಹಿಡಿದು ನೆಟ್ಟಗೆ ಎಳೆಯಬಲ್ಲ. ಅದು ಅವನಿಗೂ ಗೊತ್ತಿತ್ತು.

"ಕಲಿಸಿಕೊಡಬೇಕು ಗುರುಗಳೇ."

"ಗುರು ಗಿರು ಅನ್ನಬೇಡ. ನಾನೇನು ಮಠ ಕಟ್ಟಿಲ್ಲ."

"ಆಗಲಿ ಗುರುಗಳೇ."

ಉತ್ತಯ್ಯ ನಕ್ಕು ಒಳಗೆ ಹೋದರು. ಬರುವಾಗ ಅವರ ಅಂಗೈಯಲ್ಲಿ ಒಬ್ಬ ಸಿಪಾಯಿಯಿದ್ದ. ಬಣ್ಣವಿಲ್ಲದ ಬೂದು ಲೋಹ. ಹೆಗಲಿಗೆ ಬಂದೂಕು. ಒಂದು ಕಾಲು ಮುಂದಿಟ್ಟು ಏರು ಹತ್ತುತ್ತಿರುವ ನಿಲುವು.

"ಇವನು ಸಿಪಾಯಿ ಕರಿಬಸವ. ಹಚ್ಚು."

ಧರಣೇಂದ್ರ ಎರಡು ಕೈಯಲ್ಲೂ ತೆಗೆದುಕೊಂಡ. ಬೆಳಕಿಗೆ ಹಿಡಿದು ನೋಡಿದ. ಬೆಲ್ಟಿನ ಬಕ್ಕಲು, ಬೂಟಿನ ಹೊಲಿಗೆ, ಎಲ್ಲವೂ ಇತ್ತು. ಇಷ್ಟು ಸೂಕ್ಷ್ಮ ಕೆಲಸವನ್ನು ಅವನು ಕಂಡಿರಲಿಲ್ಲ.

"ಇನ್ನೊಂದು ಎರಕ ಇದೆಯೇ ಗುರುಗಳೇ? ಕೆಟ್ಟರೆ?"

"ಒಬ್ಬನಿಗೆ ಒಂದೇ ಎರಕ. ಅಚ್ಚು ಒಡೆದುಬಿಡ್ತೀನಿ."

"ಹಾಗಾದರೆ ಇವತ್ತು ಬೇಡ. ನನ್ನ ಕೈ ಇನ್ನೂ ಹಣ್ಣಾಗಿಲ್ಲ. ಇವನನ್ನು ಕೆಡಿಸಿಬಿಡ್ತೀನಿ."

"ಕೆಡಿಸು."

ಧರಣೇಂದ್ರ ಅದನ್ನು ತಮಾಷೆಯೆಂದುಕೊಂಡ. ಸಿಪಾಯಿಯನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ಒಯ್ದ. ಒಂದು ಡಬ್ಬಿಗೆ ಹತ್ತಿ ಹಾಸಿ, ಮಲಗಿಸಿ, ಮುಚ್ಚಿದ.

ಮುಂದಿನ ಭಾನುವಾರ ಬೇರೆ ಸೈನಿಕರ ಮೇಲೆ ಕೈ ಪಳಗಿಸತೊಡಗಿದ.

*

ಜಗಲಿಯ ಗೋಡೆಗೆ ಒಂದು ಉದ್ದನೆಯ ಹಲಗೆಯಿತ್ತು. ಅದರ ಮೇಲೆ ಏಳು ಸಿಪಾಯಿಗಳು ಸಾಲಾಗಿ ಏರು ಹತ್ತುತ್ತಿದ್ದರು. ಎಲ್ಲರಿಗೂ ಬಣ್ಣ ಬಳಿದಿತ್ತು. ಒಬ್ಬನ ಹುಬ್ಬು ಹಣೆಗೆ ಹರಿದಿತ್ತು. ಇನ್ನೊಬ್ಬನ ಹಸಿರು ಕುತ್ತಿಗೆಗೆ ಇಳಿದಿತ್ತು.

"ಇವನ್ನೆಲ್ಲ ಹಚ್ಚಿದವರು ಯಾರು?"

"ನಿನ್ನ ಹಾಗೆ ಬಂದವರು. ಮೊದಲ ದಿನ ಒಬ್ಬೊಬ್ಬರಿಗೆ ಒಬ್ಬನನ್ನು ಕೊಟ್ಟೆ."

"ನೀವೇ ಹಚ್ಚಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು."

"ನನಗೆ ಅವರ ಗುರುತು ಇದೆಯಲ್ಲ."

ತನ್ನ ಮಾತಿಗೂ ಈ ಉತ್ತರಕ್ಕೂ ಸಂಬಂಧವೇನೆಂದು ಧರಣೇಂದ್ರನಿಗೆ ತಿಳಿಯಲಿಲ್ಲ. ಕೇಳುವುದು ಅವಿನಯವೆಂದು ಬಿಟ್ಟುಬಿಟ್ಟ.

ಉತ್ತಯ್ಯನವರೇ ಮಾತು ಮುಂದುವರಿಸಿದರು. "ಹದಿಮೂರು ಜನ ಗುಡ್ಡ ಹತ್ತಿದೆವು. ಇಳಿದವನು ನಾನೊಬ್ಬ. ಹನ್ನೆರಡೂ ಜನ ಈ ಹಲಗೆಯ ಮೇಲೆ ನಿಲ್ಲಬೇಕು. ಒಂದು ಸಲ ಕಣ್ಣಾರೆ ನೋಡಬೇಕು. ನನಗೆ ಬೇಕಾದದ್ದು ಅಷ್ಟೇ."

"ಕರಿಬಸವನ ಜಾಗ ಯಾವುದು ಗುರುಗಳೇ?"

"ಕಟ್ಟಕಡೆಯದು. ಅವನು ಎಲ್ಲರಿಗಿಂತ ಹಿಂದೆ ಬರ್ತಿದ್ದ."

ಯಾಕೆ ಹಿಂದೆ ಬರುತ್ತಿದ್ದನೆಂದು ಧರಣೇಂದ್ರ ಕೇಳಲಿಲ್ಲ. ಅವನ ಮನಸ್ಸು ಆಗಲೇ ಬೇರೆ ಲೆಕ್ಕದಲ್ಲಿತ್ತು. ಗುರುಗಳ ಒಂದೇ ಆಸೆ ಇದು. ಅದರಲ್ಲಿ ನನ್ನ ಪಾಲಿನದು ಕಳಪೆಯಾಗಬಾರದು. ಕೊನೆಯ ಜಾಗದಲ್ಲಿ ನಿಲ್ಲುವವನು ಎಲ್ಲರಿಗಿಂತ ಚೆನ್ನಾಗಿರಬೇಕು.

ಆ ದಿನದಿಂದ ಡಬ್ಬಿ ಇನ್ನೂ ಮೇಲಿನ ಕಪಾಟಿಗೆ ಹೋಯಿತು.

*

ನಾಲ್ಕು ವರ್ಷ ಕಳೆದ ಮೇಲೆ ಜಬೀನಾ ಬಂದಳು. ಪೇಟೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವವಳು. ಬಾಯಿಗೆ ಮಾತ್ರ ಹೊಲಿಗೆ ಹಾಕಿಕೊಂಡವಳಲ್ಲ.

ಮೊದಲ ದಿನ ಉತ್ತಯ್ಯ ಅವಳ ಕೈಗೂ ಒಬ್ಬನನ್ನು ಕೊಟ್ಟರು. "ಇವನು ನಾಯಕ್ ಚಿನ್ನಸ್ವಾಮಿ. ಹಚ್ಚು."

ಅವಳು ಅಲ್ಲೇ ಚಕ್ಕಂಬಕ್ಕಳ ಹಾಕಿ ಕೂತಳು. ಬ್ರಷ್ಷು ಅದ್ದುವ ಮೊದಲೇ ಬಾಯಿ ಬಿಟ್ಟಳು.

"ಮೇಷ್ಟ್ರೇ, ಇವನ ಮೀಸೆ ನಿಜವಾಗಿ ಇಷ್ಟು ದಪ್ಪ ಇತ್ತಾ, ಇಲ್ಲ ನಿಮ್ಮ ಕೈ ಜಾರಿತಾ?"

"ಇತ್ತು. ಬೂಟ್ ಪಾಲಿಶ್ ಹಚ್ಚಿ ತಿರುವೋನು."

"ಹೆಂಡತಿ ಏನೂ ಅನ್ನಲಿಲ್ವಾ?"

"ಹೆಂಡತಿ ಎಲ್ಲಿ ಬಂತು. ಹೆಣ್ಣು ನೋಡಲು ಹೋಗೋ ದಿನ ಮಳೆ ಬಂದು ಮೀಸೆ ಗಲ್ಲಕ್ಕೆ ಇಳಿಯಿತು. ಅವರು ಬೇಡ ಅಂದರು."

ಜಬೀನಾ ನಕ್ಕಳು. ಉತ್ತಯ್ಯನವರೂ ನಕ್ಕರು. ಮಧ್ಯಾಹ್ನದವರೆಗೆ ಅವಳು ಕೇಳುತ್ತಿದ್ದಳು, ಅವರು ಹೇಳುತ್ತಿದ್ದರು. ಧರಣೇಂದ್ರ ಮೂಲೆಯಲ್ಲಿ ಭೂತಕನ್ನಡಿ ಹಿಡಿದು, ಪಾಳೆಯಗಾರರ ಕಾಲದ ಸವಾರನೊಬ್ಬನ ಕುದುರೆಗೆ ಲಗಾಮು ಬರೆಯುತ್ತಿದ್ದ. ಗಲಾಟೆಗೆ ಅವನ ಗೆರೆ ಎರಡು ಸಲ ತಪ್ಪಿತು.

ಸಂಜೆಯೊಳಗೆ ಚಿನ್ನಸ್ವಾಮಿ ಸಿದ್ಧನಾದ. ಅವನ ಮುಖ ಬೀಟ್‌ರೂಟ್ ತಿಂದು ಒರೆಸಿಕೊಂಡವನ ಹಾಗಿತ್ತು.

ಉತ್ತಯ್ಯ ಅವನನ್ನು ಹಲಗೆಯ ಮೇಲೆ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. "ಬಾ ತಮ್ಮಾ," ಎಂದರು, ಮೆಲ್ಲಗೆ.

ಜಬೀನಾ ಹೋದ ಮೇಲೆ ಧರಣೇಂದ್ರ ಹತ್ತಿರ ಬಂದ.

"ಗುರುಗಳೇ, ತಪ್ಪು ತಿಳಿಯಬೇಡಿ. ಮನೆಗೆ ಒಯ್ದು ಆ ಮುಖವನ್ನಾದರೂ ಸರಿ ಮಾಡಿ ತರಲೇ?"

"ಬೇಡ. ಅವನು ಈಗ ಜಬೀನಾಳ ಪರಿಚಯದವನು."

*

ವರ್ಷಗಳು ಹೊಳೆಯ ಪಾಡಿಗೆ ಹೋದವು. ಧರಣೇಂದ್ರನ ಕೈ ನಿಜಕ್ಕೂ ಹಣ್ಣಾಯಿತು.

ಎರಡಂಗುಲದ ಮನುಷ್ಯನ ಮೇಲೆ ನೆರಳು ತಾನಾಗಿ ಬೀಳುವುದಿಲ್ಲ, ನಾವೇ ಹಚ್ಚಬೇಕು ಎಂದು ಉತ್ತಯ್ಯ ಹೇಳಿಕೊಟ್ಟಿದ್ದರು. ಧರಣೇಂದ್ರ ತೋಳಿನ ಕೆಳಗೆ, ಟೋಪಿಯ ಅಂಚಿಗೆ, ಬಟ್ಟೆಯ ಮಡಿಕೆಗೆ ನೆರಳು ಹಚ್ಚಿದ. ಅವನ ಕಾಲಾಳುಗಳ ತೊಗಲು ಚೀಲ ಹಳೆಯದಾಗಿ ಸವೆದಂತೆ ಕಾಣುತ್ತಿತ್ತು. ಅವನ ಫಿರಂಗಿಯ ಬಾಯಿಗೆ ಮಸಿ ಹತ್ತಿತ್ತು.

ಪ್ರದರ್ಶನಗಳಲ್ಲಿ ಬಹುಮಾನ ಬಂತು. ಗೊಂಬೆ ಸೈನ್ಯ ಕೂಡಿಸುವವರು ದೂರದಿಂದ ಹುಡುಕಿಕೊಂಡು ಬಂದರು.

ಅವನೂ ಕೂಡಿಸತೊಡಗಿದ. ಟ್ಯಾಂಕು, ವಿಮಾನ, ಹಡಗು, ಕೋಟೆಯ ಬುರುಜು. ಬಿಡಿಭಾಗ ಜೋಡಿಸಿ ಮಾಡುವ ಒಳ್ಳೆಯ ಕಿಟ್ಟು ಎಲ್ಲಿ ಕಂಡರೂ ತರಿಸುವನು. ತೀರ ಒಳ್ಳೆಯದನ್ನು ಮಾತ್ರ ಬಿಚ್ಚುತ್ತಿರಲಿಲ್ಲ. ಮೇಲಿನ ಪ್ಲಾಸ್ಟಿಕ್ ಹಾಳೆಯ ಸಮೇತ ಕಪಾಟಿಗೆ ಸೇರಿಸುವನು.

"ಇದನ್ನು ಯಾವಾಗ ಜೋಡಿಸೋದು?" ಎಂದು ಅಕ್ಕ ಪದ್ಮಾವತಿ ಕೇಳುವಳು. ಅವನ ಮನೆಯಲ್ಲಿದ್ದವರು ಅವರಿಬ್ಬರೇ.

"ಇನ್ನೂ ಸ್ವಲ್ಪ ಕೈ ಕುದುರಲಿ ಅಕ್ಕ."

"ಕುದುರೋ ಹೊತ್ತಿಗೆ ಕೈ ನಡುಗೋಕೆ ಶುರುವಾಗಿರುತ್ತೆ. ಆ ಹತ್ತಿಯ ಡಬ್ಬಿಯಲ್ಲಿ ಯಾರು?"

"ಅದನ್ನು ಮುಟ್ಟಬೇಡ."

"ಯಾರು ಅಂತ ಕೇಳಿದೆ."

"ಗುರುಗಳು ಕೊಟ್ಟದ್ದು," ಎಂದ ಧರಣೇಂದ್ರ. ಅಕ್ಕ ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲವೆಂದು ಅವನಿಗೆ ಆಗ ಹೊಳೆಯಲಿಲ್ಲ.

ಹಲಗೆಯ ಮೇಲೆ ಒಬ್ಬೊಬ್ಬರಾಗಿ ಹನ್ನೊಂದು ಜನ ನಿಂತರು. ಹನ್ನೆರಡನೆಯ ಜಾಗ ಹಾಗೇ ಇತ್ತು. ಉತ್ತಯ್ಯ ಪ್ರತಿ ಭಾನುವಾರ ಅದನ್ನೂ ಸೇರಿಸಿ ಧೂಳು ಒರೆಸುತ್ತಿದ್ದರು. ಧರಣೇಂದ್ರನನ್ನು ಒಮ್ಮೆಯೂ ಕೇಳಲಿಲ್ಲ.

ಕೇಳದ್ದನ್ನು ಅವನು ತನ್ನ ಮೇಲಿನ ನಂಬಿಕೆಯೆಂದುಕೊಂಡ.

*

ಉತ್ತಯ್ಯನವರ ಕಣ್ಣು ಕೆಡುತ್ತಿರುವುದನ್ನು ಮೊದಲು ಕಂಡವಳು ಜಬೀನಾ. ಅವಳೇ ಧರಣೇಂದ್ರನಿಗೆ ಹೇಳಿದಳು.

"ಅಣ್ಣಾ, ಮೇಷ್ಟ್ರು ನಿನ್ನೆ ಲೋಟದ ಪಕ್ಕಕ್ಕೆ ಕಾಫಿ ಬಗ್ಗಿಸಿದರು. ಆಮೇಲೆ ಇರುವೆಗೆ ಹಾಕಿದೆ ಅಂತ ಸುಳ್ಳು ಹೇಳಿದರು."

ಇಬ್ಬರೂ ಅವರನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಮರಳುವುದಿಲ್ಲ, ಇದ್ದದ್ದು ಎಷ್ಟು ದಿನವೋ ಹೇಳಲಾಗದು ಎಂದರು ಡಾಕ್ಟರು.

ವಾಪಸು ಬರುವಾಗ ಧರಣೇಂದ್ರ ಕೇಳಿದ. "ಹೇಗೆ ಕಾಣುತ್ತದೆ ಗುರುಗಳೇ?"

"ಸುತ್ತಲಿಂದ ಕತ್ತಲು ಮುಚ್ಚಿಕೊಂಡು ಬರ್ತಿದೆ. ಮೊದಲು ಬಳೆಯೊಳಗಿಂದ ನೋಡಿದ ಹಾಗಿತ್ತು. ಈಗ ಉಂಗುರದೊಳಗಿಂದ."

"ಸಾಲು ಕಾಣುತ್ತದೆಯೇ?"

"ಒಬ್ಬೊಬ್ಬನನ್ನೇ ನೋಡಬೇಕು."

ಜಗಲಿಗೆ ಬಂದು ಕುಳಿತ ಮೇಲೆ ಉತ್ತಯ್ಯ ಅವನ ಕಡೆ ತಿರುಗಿದರು. ಸರಿಯಾಗಿ ಮುಖದ ಮೇಲೆ ದೃಷ್ಟಿ ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

"ಧರಣೇಂದ್ರ, ಕರಿಬಸವನನ್ನು ದೀಪಾವಳಿಯೊಳಗೆ ಕರೆದುಕೊಂಡು ಬಾ."

ದೀಪಾವಳಿಗೆ ಎರಡು ತಿಂಗಳಿತ್ತು. ಎರಡಂಗುಲದ ಸಿಪಾಯಿಗೆ ಎರಡು ದಿನ ಸಾಕು.

"ತರುತ್ತೇನೆ ಗುರುಗಳೇ. ನೋಡಿ ನೀವು, ಹೇಗೆ ತರುತ್ತೇನೆ ಅಂತ."

"ಹೇಗಾದರೂ ತಾ."

*

ಅಂದು ಸಂಜೆಯೇ ಅವನು ಡಬ್ಬಿ ತೆಗೆದ. ಹತ್ತಿ ಹಳದಿಯಾಗಿತ್ತು. ಕರಿಬಸವ ಡಬ್ಬಿಯೊಳಗೆ ಹೋದಾಗ ಹೇಗಿದ್ದನೋ ಹಾಗೇ ಇದ್ದ.

ಧರಣೇಂದ್ರ ಭೂತಕನ್ನಡಿ ಹಿಡಿದ. ಈಗ ಅವನ ಕಣ್ಣು ಹದಿನಾಲ್ಕು ವರ್ಷ ಪಳಗಿದ ಕಣ್ಣು. ಮೊದಲ ದಿನ ಕಾಣದ್ದು ಈಗ ಕಂಡಿತು. ಮೂಗು ಎಡಕ್ಕೆ ವಾಲಿತ್ತು.

ಅಚ್ಚಿನ ಎರಡು ಹೋಳು ಸರಿಯಾಗಿ ಕೂಡದಿದ್ದರೆ ಎರಕ ಹೀಗೆ ಜರುಗುವುದುಂಟು. ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ದೋಷ. ಗುರುಗಳ ಕೈಯಲ್ಲೂ ಒಮ್ಮೆ ತಪ್ಪಿದೆ, ಪಾಪ ಎಂದುಕೊಂಡ. ಅವರಿಗೆ ಹೇಳಿ ನೋಯಿಸುವುದು ಬೇಡ.

ಸೂಜಿಯಷ್ಟು ಸಣ್ಣ ಅರ ತೆಗೆದುಕೊಂಡು ಮೂಗನ್ನು ನೆಟ್ಟಗೆ ಮಾಡಿದ. ಅದಕ್ಕೆ ಒಂದು ವಾರ ಹಿಡಿಯಿತು.

ಆಮೇಲೆ ಬಣ್ಣ. ಆ ಕಾಲದ ಸಮವಸ್ತ್ರದ ಹಸಿರು ಯಾವುದೆಂದು ಮೂರು ಪುಸ್ತಕ ತರಿಸಿ ನೋಡಿದ. ಮೂರರಲ್ಲಿ ಮೂರು ಹಸಿರು. ಒಂದನ್ನು ಹಚ್ಚಿದ. ಬೆಳಿಗ್ಗೆ ನೋಡಿದರೆ ತುಸು ಗಾಢವೆನಿಸಿತು. ಥಿನ್ನರಿನಲ್ಲಿ ಅದ್ದಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಎಲ್ಲವನ್ನೂ ತೆಗೆದ.

ಎರಡನೆಯ ಸಲ ಕಣ್ಣು ಸರಿಬರಲಿಲ್ಲ. ತೆಗೆದ.

ಮೂರನೆಯ ಸಲ ನೆರಳು ಹೆಚ್ಚಾಯಿತು. ತೆಗೆದ.

ದೀಪಾವಳಿಯ ಹಿಂದಿನ ಭಾನುವಾರ ಜಬೀನಾ ಅವನ ಮನೆಗೇ ಬಂದಳು. ಮೇಜಿನ ಮೇಲೆ ಕರಿಬಸವ ಬಣ್ಣ ಹೊದ್ದು ನಿಂತಿದ್ದ. ಅವಳು ಬಗ್ಗಿ ನೋಡಿದಳು.

"ಆಯ್ತಲ್ಲ ಅಣ್ಣಾ. ಎತ್ತು, ಹೋಗೋಣ."

"ಕಾಲರಿನ ಅಂಚು ನೋಡು. ಒಂದು ಕಡೆ ದಪ್ಪ."

"ನನಗೆ ಕಾಣ್ತಿಲ್ಲ."

"ನನಗೆ ಕಾಣುತ್ತದೆ."

"ಮೇಷ್ಟ್ರಿಗೆ ಇನ್ನು ಎಷ್ಟು ದಿನ ಕಾಣುತ್ತೋ ಅದನ್ನ ಯೋಚನೆ ಮಾಡು. ಉಂಗುರ ಹೋಗಿ ಈಗ ಗುಂಡಿಯ ತೂತಿಗೆ ಬಂದಿದೆ ಅಂತ ಮೊನ್ನೆ ಅಂದರು."

"ಅದಕ್ಕೇ ಜಬೀನಾ. ಅವರು ನೋಡೋದು ಇದೇ ಕೊನೆ. ಕೊನೆಗೆ ನೋಡುವುದರಲ್ಲಿ ತಪ್ಪಿರಬಾರದು."

ಅವಳು ಮೇಜಿನ ಕಡೆ ಕೈ ಚಾಚಿದಳು. "ನಾನೇ ಒಯ್ದುಬಿಡಲಾ? ಬೈದರೆ ನನ್ನನ್ನು ಬೈಯಿ."

ಧರಣೇಂದ್ರ ಸಿಪಾಯಿಯ ಮೇಲೆ ಕೈ ಅಡ್ಡ ಇಟ್ಟ.

ಅವಳು ಹೋದ ಮೇಲೆ ಥಿನ್ನರಿನ ಬಾಟಲಿ ತೆಗೆದ.

*

ಏಳನೆಯ ಸಲ ಹಚ್ಚಿದ್ದು ಅವನ ಮನಸ್ಸಿಗೆ ಬಂತು. ಅಷ್ಟರಲ್ಲಿ ದೀಪಾವಳಿ ಕಳೆದು ಕಾರ್ತಿಕವೂ ಮುಗಿದಿತ್ತು.

ಅವನು ಜಗಲಿಗೆ ಬಂದಾಗ ಉತ್ತಯ್ಯ ಹೊಳೆಯ ಕಡೆ ಮುಖ ಮಾಡಿ ಕುಳಿತಿದ್ದರು. ಜಬೀನಾ ಪಕ್ಕದಲ್ಲಿ ಅವರ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಮೆಟ್ಟಿಲಲ್ಲಿ ಹೆಜ್ಜೆಯ ಸದ್ದಾಯಿತು. ಉತ್ತಯ್ಯ ತಲೆ ತಿರುಗಿಸಿದರು. ಸದ್ದು ಬಂದ ಮೆಟ್ಟಿಲ ಕಡೆಗೆ, ಅಷ್ಟರಲ್ಲಿ ಜಗಲಿಗೆ ಹತ್ತಿದ್ದ ಅವನ ಕಡೆಗಲ್ಲ.

ಧರಣೇಂದ್ರನ ಕಾಲು ನಿಂತಿತು. ಅವನು ಜಬೀನಾಳನ್ನು ನೋಡಿದ. ಅವಳು ದಾರ ಕಚ್ಚಿ ಹರಿದಳು.

"ಹೋದ ಭಾನುವಾರದಿಂದ," ಎಂದಳು. "ಬೆಳಿಗ್ಗೆ ಎದ್ದು, ಯಾಕೆ ಇನ್ನೂ ಬೆಳಕಾಗಿಲ್ಲ ಅಂದರು."

"ಯಾರು, ಧರಣೇಂದ್ರನಾ?" ಎಂದರು ಉತ್ತಯ್ಯ. "ಬಾ, ಕೂತುಕೋ. ಕರೆದುಕೊಂಡು ಬಂದೆಯಾ?"

"ಬಂದೆ ಗುರುಗಳೇ."

ಅವನು ಸಿಪಾಯಿಯನ್ನು ಅವರ ಅಂಗೈಯಲ್ಲಿಟ್ಟ. ಕೈ ಹಿಂತೆಗೆಯಲು ಅವನಿಗೆ ಮನಸ್ಸಾಗಲಿಲ್ಲ.

"ಜಬೀನಾ, ಹೇಗಿದ್ದಾನೆ?"

ಅವಳು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. "ಇಷ್ಟು ಚೆನ್ನಾಗಿರೋದು ನಾನು ನೋಡೇ ಇಲ್ಲ ಮೇಷ್ಟ್ರೇ. ಬೂಟಿನ ಮೇಲೆ ಧೂಳೂ ಇದೆ. ಬೆವರಿಗೆ ಬೆನ್ನು ಒದ್ದೆಯಾದ ಹಾಗಿದೆ."

"ಏಳು ಸಲ ತೆಗೆದು ಹಚ್ಚಿದೆ," ಎಂದ ಧರಣೇಂದ್ರ. ಅವನ ದನಿ ಅವನಿಗೇ ಹಿಡಿಸಲಿಲ್ಲ. "ಒಂದು ತಪ್ಪೂ ಉಳಿಸಿಲ್ಲ."

ಉತ್ತಯ್ಯನವರ ಹೆಬ್ಬೆರಳು ಬೂಟಿನಿಂದ ಮೇಲಕ್ಕೆ ಹೋಯಿತು. ಬೆಲ್ಟು. ಹೆಗಲು. ಬಂದೂಕಿನ ನಳಿಗೆ. ಆಮೇಲೆ ಮುಖಕ್ಕೆ ಬಂತು. ಮುಂದೆ ಹೋಗಲಿಲ್ಲ. ಅಲ್ಲೇ ಮೇಲೆ ಕೆಳಗೆ ಎರಡು ಸಲ ಆಡಿತು.

"ಇಲ್ಲಿ ಏನು ಮಾಡಿದೆ?"

"ಎರಕದಲ್ಲಿ ಮೂಗು ಒಂದು ಕಡೆಗೆ ಜರುಗಿತ್ತು ಗುರುಗಳೇ. ನೆಟ್ಟಗೆ ಮಾಡಿದೆ."

ಜಬೀನಾ ಅಂಗಿಯನ್ನು ಕೆಳಗಿಟ್ಟಳು.

"ಅಣ್ಣಾ, ಅದು ಎರಕದ್ದಲ್ಲ," ಎಂದಳು. "ನಮ್ಮ ಚಿನ್ನಸ್ವಾಮಿ ಬಾಕ್ಸಿಂಗ್ ಆಡುವಾಗ ಗುದ್ದಿದ್ದು. ಮುರಿದ ಮೂಗಿಗೆ ತಾನೇ ಮೂರು ತಿಂಗಳು ಬಿಸಿನೀರಿನ ಶಾಖ ಕೊಟ್ಟನಂತೆ. ಆಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣೋರು. ಮೇಷ್ಟ್ರು ನಿನಗೆ ಹೇಳಲಿಲ್ವಾ?"

"ನಾನು ಕೇಳಿರಲಿಲ್ಲ."

ಹೊಳೆಯ ಆಚೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಕಲ್ಲಿಗೆ ಬಟ್ಟೆ ಬಡಿದದ್ದು ಕಣ್ಣಿಗೆ ಕಂಡು, ಸದ್ದು ಆಮೇಲೆ ಬರುತ್ತಿತ್ತು.

"ಮತ್ತೆ ಮೇಣದಲ್ಲಿ ಕೆತ್ತಿ, ಇನ್ನೊಂದು..." ಎಂದು ಧರಣೇಂದ್ರ ಮಾತು ಎತ್ತಿದ. ಗುರುಗಳ ಕಣ್ಣು ನೋಡಿ ಅಲ್ಲಿಗೇ ಬಿಟ್ಟ.

ಉತ್ತಯ್ಯ ಸಿಪಾಯಿಯನ್ನು ಅವನ ಕಡೆ ಚಾಚಿದರು. "ನಿಲ್ಲಿಸು."

ಧರಣೇಂದ್ರ ಎದ್ದು ಹಲಗೆಯ ಹತ್ತಿರ ಹೋದ. ಕಟ್ಟಕಡೆಯ ಜಾಗದಲ್ಲಿ ಕರಿಬಸವನನ್ನು ನಿಲ್ಲಿಸಿದ. ಹುಬ್ಬು ಹಣೆಗೆ ಹರಿದವನು, ಕುತ್ತಿಗೆಗೆ ಹಸಿರು ಇಳಿದವನು, ಬೀಟ್‌ರೂಟ್ ಮುಖದವನು ಎಲ್ಲರೂ ಏರು ಹತ್ತುತ್ತಿದ್ದರು. ಒಬ್ಬೊಬ್ಬನೂ ಯಾರೋ ಒಬ್ಬ. ಕೊನೆಯವನು ಮಾತ್ರ ಅಂಗಡಿಯ ಗಾಜಿನೊಳಗಿಂದ ಈಗ ತಾನೇ ಇಳಿದು ಬಂದವನ ಹಾಗಿದ್ದ.

"ನಿಂತರಾ?" ಎಂದರು ಉತ್ತಯ್ಯ.

"ನಿಂತರು."

"ಹನ್ನೆರಡೂ ಜನ?"

"ಹನ್ನೆರಡೂ ಜನ ಗುರುಗಳೇ."

ಉತ್ತಯ್ಯ ಗೋಡೆಯ ಕಡೆ ಮುಖ ಮಾಡಿ ನೆಟ್ಟಗೆ ಕುಳಿತರು. ಕೈ ಎರಡೂ ಮೊಣಕಾಲ ಮೇಲೆ. ಜಬೀನಾ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಎದ್ದು ಹೋದಳು.

ಧರಣೇಂದ್ರ ಅವರ ಕಾಲ ಬಳಿ ನೆಲದ ಮೇಲೆ ಕುಳಿತ. ಮೊದಲ ದಿನ ಕೇಳಬೇಕಾಗಿದ್ದದ್ದು ಈಗ ಅವನ ಬಾಯಿಗೆ ಬಂತು.

"ಗುರುಗಳೇ, ಕರಿಬಸವ ಎಂಥವನು?"

"ಹದಿನಾಲ್ಕು ವರ್ಷ ನಿನ್ನ ಮನೆಯಲ್ಲಿದ್ದನಲ್ಲ ಧರಣೇಂದ್ರ. ನೀನು ಹೇಳು, ನಾನು ಕೇಳ್ತೀನಿ."